ಕೇಳಿ ಕಟ್ಟಿದ ಮಾಳಿಗೆ

ನಮ್ಮ ಸೋದರತ್ತೆಗೆ ಒಂದು ಕೆಟ್ಟ ಚಟವಿದೆ. ನಶ್ಯವಲ್ಲ, ಎಲೆ-ಅಡಿಕೆಯಲ್ಲ, ನೆರೆಮನೆಯ ಸುದ್ದಿಯೂ ಅಲ್ಲ. ಆಕೆ ಏನನ್ನೇ ಮಾಡುವುದಿದ್ದರೂ ಕೇಳಿ ಮಾಡುತ್ತಾಳೆ. ಇಂಥ ಚಟ ಅಂಟಿಸಿಕೊಂಡವರು ಅರವತ್ತೇಳು ವರ್ಷ ಬದುಕಿ ಉಳಿದಿದ್ದಾರೆ ಎಂದರೆ ಅದು ನಮ್ಮ ರಾಯಚೂರಿನ ದೊಡ್ಡಗುಣವೋ ಮರೆಗುಳಿತನವೋ ನನಗೆ ಇನ್ನೂ ತಿಳಿದಿಲ್ಲ.

ಹೆಂಗಸರು ಬಸ್ಸಿನಲ್ಲಿ ದುಡ್ಡು ಕೊಡಬೇಕಾಗಿಲ್ಲ ಎಂದಾದ ಮೇಲೂ ಆಕೆ ಆ ಸೊನ್ನೆ ರೂಪಾಯಿಯ ಟಿಕೆಟ್ಟನ್ನು ಊರು ಬರುವವರೆಗೆ ಮುಷ್ಟಿಯಲ್ಲಿ ಹಿಡಿದು ಕೂರುತ್ತಾಳೆ. ಇಳಿಯುವಾಗ ಕಂಡಕ್ಟರಿಗೆ ಅದನ್ನು ತೋರಿಸಿ, "ಇಳೀಲೇನಪಾ?" ಎನ್ನುತ್ತಾಳೆ. ಒಬ್ಬ ಕಂಡಕ್ಟರ್ ತಮಾಷೆಗೆ, "ಬ್ಯಾಡ ಅಂದ್ರ ಏನ್ ಮಾಡ್ತಿ ಯವ್ವಾ?" ಅಂದ. "ಯಾಕ ಬ್ಯಾಡ ಅಂತ ಬರ್ದು ಕೊಡು ಅಂತೀನಿ" ಅಂದಳು ಅತ್ತೆ. ಅವನು ಆಮೇಲೆ ಆಕೆಯನ್ನು ಕಂಡರೆ ಊರು ಬರುವ ಮೊದಲೇ ಸೀಟಿ ಊದುತ್ತಿದ್ದ.

ನಮ್ಮ ಓಣಿಯಲ್ಲೊಂದು ಮದುವೆ. ರಸ್ತೆ ತುಂಬ ಶಾಮಿಯಾನ. ಅತ್ತೆ ಅಕ್ಷತೆ ಹಾಕಿ, ಊಟ ಮಾಡಿ, ಕೈ ತೊಳೆದುಕೊಂಡು, ವರನ ತಂದೆಯನ್ನು ಪಕ್ಕಕ್ಕೆ ಕರೆದು, "ರಸ್ತಾ ಬಂದ್ ಮಾಡಾಕ ಪರವಾನಗಿ ತಗೊಂಡೀರೇನ್ರಿ?" ಎಂದು ಕೇಳಿದಳು. ಆ ಮನುಷ್ಯನ ಪೇಟ ವಾಲಿತು. ಮನೆಗೆ ಬರುವಾಗ ನಾನು, "ಕೇಳೋದನ್ನ ಊಟಕ್ಕ ಮೊದಲ ಕೇಳಬೇಕಿತ್ತಲ್ಲ ಅತ್ತಿ" ಅಂದೆ. "ಮೊದಲ ಕೇಳಿದ್ರ ಉಣ್ಣಾಕ ಮನಸ್ಸು ಬರ್ತಿದ್ದಿಲ್ಲ" ಅಂದಳು.

ಇಂಥವಳಿಗೆ ಮೂರು ವರ್ಷದ ಕೆಳಗೆ ಮನೆಯ ಮೇಲೆ ಒಂದು ಬಾಡಿಗೆ ಮನೆ ಕಟ್ಟಿಸುವ ಮನಸ್ಸಾಯಿತು.

ಅತ್ತೆ ಮದುವೆಯಾದವಳಲ್ಲ. ದೇವದುರ್ಗ ತಾಲೂಕಿನ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆಯ ಟೀಚರಾಗಿ ಮೂವತ್ತೆಂಟು ವರ್ಷ ಮಗ್ಗಿ ಹೇಳಿಸಿ ನಿವೃತ್ತಳಾದವಳು. ರಾಯಚೂರಿನಲ್ಲಿ ಒಂದು ಸೈಟು ಕೊಂಡು ಎರಡು ಕೋಣೆಯ ಮನೆ ಕಟ್ಟಿಕೊಂಡಿದ್ದಳು. ಅದರ ಮೇಲೆ ಈಗ ಬೇಕಾದದ್ದು ಒಂದು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲು, ಹೊರಗಿನಿಂದ ಹತ್ತಲು ಬೇರೆಯೇ ಮೆಟ್ಟಿಲು. ಇಷ್ಟೇ. ನಮ್ಮ ಓಣಿಯಲ್ಲಿ ಇಷ್ಟನ್ನು ಜನ ಎರಡು ಹಬ್ಬಗಳ ನಡುವೆ ಕಟ್ಟಿಬಿಡುತ್ತಾರೆ.

ಜನ ಎಂದರೆ ನಾನೂ ಸೇರಿದೆ. ನಾನು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವವನು. ಪ್ರಜೆಯ ಕರ್ತವ್ಯಗಳು ಎಂಬ ಪಾಠವನ್ನು ಇಪ್ಪತ್ತು ವರ್ಷದಿಂದ ಪುಸ್ತಕ ನೋಡದೆ ಒಪ್ಪಿಸುತ್ತಿದ್ದೇನೆ. ಅತ್ತೆಯ ಮನೆಯಿಂದ ಎರಡು ಓಣಿ ಆಚೆ ಇರುವ ನನ್ನ ಮನೆಯ ಮೇಲಂತಸ್ತನ್ನು ದೀಪಾವಳಿ ರಜೆಯಲ್ಲಿ ಶುರುಮಾಡಿ ಶಿವರಾತ್ರಿಗೆ ಬಾಡಿಗೆಗೆ ಕೊಟ್ಟೆ. ಯಾರನ್ನೂ ಕೇಳಲಿಲ್ಲ. ಯಾರೂ ನನ್ನನ್ನು ಕೇಳಲಿಲ್ಲ. ಕೇಳಿದವಳು ಅತ್ತೆ ಒಬ್ಬಳೇ. ನಾನು ಮಾತು ಹಾರಿಸಿದೆ. ಆಕೆ ನನ್ನ ಮಾಳಿಗೆಯನ್ನು ಇವತ್ತಿನವರೆಗೂ ಹತ್ತಿಲ್ಲ.

"ಅತ್ತಿ, ಸುಮ್ನ ಕಟ್ಟಿಸಿಬಿಡು. ನಮ್ಮೂರಾಗ ಪರವಾನಗಿ ಕೇಳೋರು ಕಟ್ಟಂಗಿಲ್ಲ, ಕಟ್ಟೋರು ಕೇಳಂಗಿಲ್ಲ" ಎಂದು ನಾನು ಬುದ್ಧಿ ಹೇಳಿದೆ.

"ನೀ ಹುಡುಗರಿಗೂ ಹಿಂಗ ಹೇಳಿ ಕೊಡ್ತೀ ಏನು?" ಅಂದಳು.

ಮನೆ ಕಟ್ಟಿ ನೋಡು ಎಂದು ಗಾದೆ ಮಾಡಿದ ಹಿರಿಯರು ಪರವಾನಗಿ ಕೇಳಿ ನೋಡು ಎಂದು ಯಾಕೆ ಸೇರಿಸಲಿಲ್ಲ? ಬಹುಶಃ ಅವರು ಕೇಳಲು ಹೋಗಿ ಇನ್ನೂ ಸಾಲಿನಲ್ಲೇ ನಿಂತಿರಬೇಕು.

ಅತ್ತೆ ಒಬ್ಬ ಇಂಜಿನಿಯರನ್ನು ಹಿಡಿದಳು. ನಕ್ಷೆ ಬರೆದು, ಕಂಪ್ಯೂಟರಿನಲ್ಲಿ ಅರ್ಜಿ ಹಾಕಿಕೊಡುವ ಸನ್ನದು ಪಡೆದ ತರುಣ. ನಗುಮುಖದವನು, ಎಲ್ಲದಕ್ಕೂ ಆಗ್ತದ್ರಿ ಅನ್ನುವವನು. ಅವನು ನಕ್ಷೆ ತಯಾರಿಸಿದ. ಅತ್ತೆ ಅದನ್ನು ಪರೀಕ್ಷೆಯ ಉತ್ತರಪತ್ರಿಕೆಯಂತೆ ನೋಡಿ, 'ಅಡುಗೆ ಮೆನೆ' ಎಂದಿದ್ದನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸು ಕೊಟ್ಟಳು. ಅರ್ಜಿ ಹೋಯಿತು. ಯಾವ ಕಚೇರಿಗೆ ಎಂದು ನಾನು ಹೇಳುವುದಿಲ್ಲ. ನನ್ನ ಮಾಳಿಗೆಯೂ ಅದೇ ಕಚೇರಿಯ ಕಣ್ಣಳತೆಯಲ್ಲಿದೆ.

ಒಂದು ತಿಂಗಳಾದ ಮೇಲೆ ಗುಮಾಸ್ತರೊಬ್ಬರು ಸ್ಥಳ ನೋಡಲು ಬಂದರು. ಕೈಯಲ್ಲಿ ಅತ್ತೆಯ ಕ್ರಯಪತ್ರದ ನಕಲು. ಅದರಲ್ಲಿ ಸೈಟಿನ ನಾಲ್ಕೂ ದಿಕ್ಕಿಗೆ ಏನೇನಿದೆ ಎಂದು ಬರೆದಿರುತ್ತದಲ್ಲ, ಅಲ್ಲಿ ಪೂರ್ವಕ್ಕೆ ಬೇವಿನ ಮರ ಎಂದಿತ್ತು. ಪೂರ್ವಕ್ಕೆ ಈಗ ಮೂರಂತಸ್ತಿನ ಒಂದು ಮನೆ. ಆ ಮನೆಯ ಯಜಮಾನರು ಮರವನ್ನು ಕಡಿಸಿ, ಮರದ ಜಾಗಕ್ಕೂ ಗೋಡೆ ತಂದು, ಸಾಲದೆಂದು ಅತ್ತೆಯ ಕಂಪೌಂಡಿನ ಮೇಲೆ ಎರಡು ಅಡಿ ಸಜ್ಜಾ ಚಾಚಿಕೊಂಡಿದ್ದರು. ಬಿಸಿಲು ಎಂದರೆ ರಾಯಚೂರಿನ ಬಿಸಿಲು. ಗುಮಾಸ್ತರು ಆ ಸಜ್ಜಾದ ನೆರಳಿಗೆ ಸರಿದು ನಿಂತು ಕೇಳಿದರು:

"ಟೀಚರ್, ಇಲ್ಲಿ ಬೇವಿನ ಗಿಡ ಇರಬೇಕಲ್ರಿ. ಎಲ್ಲದ?"

"ನೀವು ನಿಂತೀರಲ್ಲ, ಅಲ್ಲೇ ಇತ್ತು. ಗಿಡ ಹೋಗ್ಯದ, ನೆರಳು ಉಳದದ."

"ಹಂಗಾದ್ರ ಪತ್ರಕ್ಕೂ ಜಾಗಕ್ಕೂ ತಾಳೆ ಆಗಂಗಿಲ್ಲಲ್ರಿ."

"ಗಿಡ ಕಡಿದು ಕಟ್ಯಾರಲ್ಲ, ಅವರ ಮ್ಯಾಲೆ ಬರೀರಿ."

ಗುಮಾಸ್ತರು ಮಗುವಿಗೆ ತಿಳಿಹೇಳುವ ದನಿಯಲ್ಲಿ ಹೇಳಿದರು: "ಅವರು ಅರ್ಜಿ ಹಾಕಿಲ್ಲಲ್ರಿ. ನಾವು ಅರ್ಜಿ ಹಾಕಿದವರದು ಅಷ್ಟೇ ನೋಡ್ತೀವಿ."

ಮೂರನೇ ಅಂತಸ್ತಿನಿಂದ ಯಜಮಾನರು ಬಗ್ಗಿ ನೋಡುತ್ತಿದ್ದರು. ಗುಮಾಸ್ತರು ಹೋದ ಮೇಲೆ ಮೇಲಿನಿಂದಲೇ ಉಪದೇಶ ಮಾಡಿದರು. "ಟೀಚರ್, ನಿಮಗ ನಾ ಅವತ್ತೇ ಹೇಳಿಲ್ಲೇನು? ಈ ಊರಾಗ ಕೇಳಿದ್ರ ಕೊಡಂಗಿಲ್ರಿ, ಕಟ್ಟಿದ್ರ ಕೆಡವಂಗಿಲ್ರಿ." ನನ್ನ ಇಪ್ಪತ್ತು ವರ್ಷದ ರಾಜ್ಯಶಾಸ್ತ್ರವನ್ನು ಆ ಮನುಷ್ಯ ಸಜ್ಜಾದ ಮೇಲೆ ನಿಂತು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟರು.

ಈಗ ಪತ್ರ ತಿದ್ದಬೇಕು. ತಿದ್ದಲು ಸೈಟು ಮಾರಿದವರ ಸಹಿ ಬೇಕು. ಮಾರಿದವರು ಮಾನ್ವಿ ತಾಲೂಕಿನ ಕಲ್ಲೂರಿನ ರೈತರು, ತೀರಿಹೋಗಿ ಎಂಟು ವರ್ಷ. ಹಾಗಾದರೆ ಅವರ ಮಕ್ಕಳ ಸಹಿ. ಒಂದು ಭಾನುವಾರ ನನ್ನ ಕಾರಿನಲ್ಲಿ ಹೊರಟೆವು.

ಮಗ ಸಿಕ್ಕ. ಅವನೂ ಅರವತ್ತರ ಆಸುಪಾಸಿನವನು. ಜೋಳದ ರೊಟ್ಟಿ, ಪುಂಡಿ ಪಲ್ಯ ಬಡಿಸಿ, ನಾವು ಬಂದ ಕೆಲಸ ಕೇಳಿ, "ನಮ್ಮಪ್ಪ ಜಾಗ ಮಾರಿದ್ದು ಖರೆ. ಗಿಡ ನಾವು ಕಡಿದಿಲ್ಲಲ್ರಿ. ಗಿಡ ಇಲ್ಲಂತ ನಾವ್ಯಾಕ ಸಹಿ ಮಾಡಬೇಕು?" ಅಂದ. ನ್ಯಾಯವಾದ ಪ್ರಶ್ನೆ. ಅತ್ತೆ ಮಾತ್ರ ಕ್ರಯಪತ್ರವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಿ ಹೇಳಿದಳು. ಮುಗಿದಾಗ ಅವನು, ಇನ್ನೊಮ್ಮೆ ಓದಿಯಾಳೆಂಬ ಭಯಕ್ಕೋ ಏನೋ, ಸಹಿಗೆ ಒಪ್ಪಿದ. ಆದರೆ ತಂಗಿಯದೂ ಬೇಕು, ಆಕೆ ಬಾಗಲವಾಡದಲ್ಲಿದ್ದಾಳೆ ಎಂದ.

ಬಾಗಲವಾಡದ ಆ ಹೆಂಗಸು ಅಂಗಳದಲ್ಲಿ ಹತ್ತಿ ಬಿಡಿಸುತ್ತ ಕೂತಿದ್ದಳು. ನಮ್ಮ ಮಾತು ಕೇಳಿ ಕೈ ನಿಲ್ಲಿಸಿದಳು.

"ಆ ಗಿಡ ಕಡದ್ರಾ? ನಮ್ಮಣ್ಣ ರಾಯಚೂರಾಗ ಸಾಲಿ ಕಲಿವಾಗ ಅಲ್ಲೇ ಜೋಪಡಿ ಹಾಕ್ಕೊಂಡು ಇದ್ವಿರಿ. ಸಣ್ಣದಿತ್ತು. ನಾನೇ ನೀರು ಹಾಕ್ತಿದ್ದೆ."

ಅಣ್ಣನಿಗೆ ಸಾಲಿ, ತಂಗಿಗೆ ಗಿಡ. ಅದನ್ನು ಆಕೆ ಬೇಸರದಿಂದೇನೂ ಹೇಳಲಿಲ್ಲ. ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡು, ಒತ್ತುವ ಮೊದಲು ಕೇಳಿದಳು, "ಇದ್ರಾಗ ಏನಂತ ಬರದೀರಿ?"

"ಗಿಡ ಇಲ್ಲ ಅಂತ" ಎಂದೆ ನಾನು.

"ಹಂಗ ಬರೀಬ್ಯಾಡ್ರಿ. ಇತ್ತು, ಈಗ ಇಲ್ಲ, ಅಂತ ಬರೀರಿ."

ಅತ್ತೆಗೆ ಈ ಮಾತು ಎಷ್ಟು ಹಿಡಿಸಿತೆಂದರೆ, ಕಾಗದವನ್ನು ಹಾಗೇ ಮಡಚಿಕೊಂಡು, ಮುಂದಿನ ವಾರ ಪತ್ರ ಬರೆಯುವವನ ಮುಂದೆ ಕೂತು ಹೊಸದಾಗಿ ಬರೆಸಿ, ಅಣ್ಣ-ತಂಗಿಯನ್ನು ರಾಯಚೂರಿಗೆ ಕರೆಸಿ, ನೋಂದಣಿ ಮಾಡಿಸಿದಳು. ಈಗಲೂ ಆಕೆಯ ಪತ್ರದಲ್ಲಿ ಹಾಗೇ ಇದೆ: ಪೂರ್ವಕ್ಕೆ ಬೇವಿನ ಮರ ಇದ್ದು, ಈಗ ಇಲ್ಲ, ಮನೆ ಇದೆ. ನಮ್ಮ ಊರಿನ ಅರ್ಧ ಚರಿತ್ರೆಯನ್ನು ಈ ಒಂದು ಸಾಲಿನಲ್ಲಿ ಬರೆದು ಮುಗಿಸಬಹುದು.

ಮರದ ತಂಟೆ ಮುಗಿಯಿತು ಎನ್ನುವಾಗ ಹೆಸರಿನ ತಂಟೆ ಬಂತು. ಕ್ರಯಪತ್ರದಲ್ಲಿ ಅತ್ತೆಯ ಹೆಸರಿನ ಕೊನೆಗೆ 'ಬಾಯಿ' ಇದೆ, ಆಧಾರ್ ಕಾರ್ಡಿನಲ್ಲಿ 'ಅಮ್ಮ' ಇದೆ. ಬಾಯಿ ಎಂಬಾಕೆಯೇ ಅಮ್ಮ ಎಂಬಾಕೆ ಎಂದು ಸಾಬೀತು ಮಾಡಬೇಕು. ಅದಕ್ಕೆ ನೌಕರಿಯ ದಾಖಲೆಯ ದೃಢೀಕರಣ ತನ್ನಿ ಎಂದರು. ಆ ದಾಖಲೆ ಇರುವುದು ದೇವದುರ್ಗದ ಒಂದು ಕಚೇರಿಯಲ್ಲಿ. ಅತ್ತೆ ಮೂರು ಸಲ ಬಸ್ಸು ಹತ್ತಿದಳು. ಎರಡು ಸಲ, "ನೀವು ನೀವೇ ಅಂತ ನಾವು ಹ್ಯಾಂಗ ಬರ್ದು ಕೊಡೋದ್ರಿ?" ಎಂದು ಕಳಿಸಿದರು. ಮೂರನೆಯ ಸಲ ಅತ್ತೆ ಕಾಯುತ್ತ ಕೂತವಳು ಹೊತ್ತು ಹೋಗದೆ ಎದ್ದು, ಅಲ್ಲಿನ ಸೂಚನಾ ಫಲಕದ ಕಾಗದಗಳನ್ನೆಲ್ಲ ಓದಿ, ಕಾಗುಣಿತದ ತಪ್ಪುಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕತೊಡಗಿದಳು. ಎರಡನೇ ಕಾಗದ ಮುಗಿಯುವುದರೊಳಗೆ ದೃಢೀಕರಣ ಕೈಗೆ ಬಂತು. ಅದರಲ್ಲಿಯೂ ಎರಡು ತಪ್ಪಿದ್ದವಂತೆ. ಅವನ್ನು ಮಾತ್ರ ಆಕೆ ತಿದ್ದಲಿಲ್ಲ.

ಇಷ್ಟಾಗುವಾಗ ಒಂದೂವರೆ ವರ್ಷವಾಗಿತ್ತು. ಎಲ್ಲ ಕಾಗದವೂ ಸೇರಿತ್ತು. ಆದರೂ ಕಂಪ್ಯೂಟರಿನಲ್ಲಿ ಅರ್ಜಿಯ ಮುಂದೆ 'ಪರಿಶೀಲನೆಯಲ್ಲಿದೆ' ಎಂಬುದು ಅಳಿಯಲಿಲ್ಲ. ಇಂಜಿನಿಯರು ಒಂದು ದಿನ ದನಿ ತಗ್ಗಿಸಿ, "ಟೀಚರ್, ಅಲ್ಲಿ ಸ್ವಲ್ಪ ನೋಡ್ಕೋಬೇಕಾಗ್ತದ್ರಿ" ಅಂದ.

"ದಿನಾ ಹೋಗಿ ನೋಡ್ಕೊಂಡ ಬರಾಕತ್ತೀನಲ್ಲಪಾ" ಅಂದಳು ಅತ್ತೆ.

"ಹಂಗಲ್ರಿ. ಅವರ ಚಹಾಪಾಣಿದು ನೋಡಬೇಕು."

ಮರುದಿನದಿಂದ ಅತ್ತೆ ಫ್ಲಾಸ್ಕಿನಲ್ಲಿ ಶುಂಠಿ ಹಾಕಿದ ಚಹಾ ತುಂಬಿಕೊಂಡು, ಚೀಲದಲ್ಲಿ ಸ್ಟೀಲ್ ಲೋಟಗಳನ್ನಿಟ್ಟುಕೊಂಡು ಕಚೇರಿಗೆ ಹೋಗತೊಡಗಿದಳು. ಒಂದು ಇಡೀ ವಾರ ಗುಮಾಸ್ತರೂ ಅವರ ಸುತ್ತಲಿನವರೂ ಹನ್ನೊಂದು ಗಂಟೆಗೆ ಸರಿಯಾಗಿ ಆಕೆಯ ಚಹಾ ಕುಡಿದರು. ಬಹಳ ಚಲೋ ಅದ ಟೀಚರ್ ಎಂದರು. ಒಬ್ಬರು ಸಕ್ಕರೆ ಕಡಿಮೆ ಮಾಡಲು ಹೇಳಿದರು. ಕಡತ ಮಾತ್ರ ಇದ್ದಲ್ಲಿಂದ ಕದಲಲಿಲ್ಲ. ಕೊನೆಗೆ ಗುಮಾಸ್ತರೇ ತಾಳ್ಮೆಗೆಟ್ಟು ಬಿಡಿಸಿ ಹೇಳಿದರು. ಅತ್ತೆ ಅಷ್ಟೇ ಶಾಂತವಾಗಿ, "ಕೊಡ್ತೀನ್ರಿ. ರಶೀದಿ ಕೊಡ್ರಿ" ಅಂದಳು. ಅಂದಿನಿಂದ ಆಕೆಯನ್ನು ಕಂಡರೆ ಗುಮಾಸ್ತರಿಗೆ ಊಟದ ಹೊತ್ತಾಗುತ್ತಿತ್ತು, ಬೆಳಿಗ್ಗೆ ಹತ್ತೂವರೆಯಾಗಿದ್ದರೂ.

ಇಲ್ಲಿಯವರೆಗೆ ನಗುತ್ತ ಬರೆದೆ. ಇನ್ನು ಬರೆಯುವುದು ನನ್ನ ಬಗ್ಗೆ.

ಅತ್ತೆ ದಿನವೂ ಆ ಬಿಸಿಲಲ್ಲಿ ಹೋಗಿ ಬರುವುದನ್ನು ನೋಡಿ ನನಗೆ ಸಂಕಟವಾಯಿತು ಎಂದು ಹೇಳಿದರೆ ಅರ್ಧ ಸತ್ಯ. ಉಳಿದರ್ಧ, ನನಗೆ ನಾಚಿಕೆಯಾಗುತ್ತಿತ್ತು. ಕಾಲೇಜಿನಲ್ಲಿ ಸಹೋದ್ಯೋಗಿಗಳು "ನಿಮ್ಮ ಅತ್ತೀದು ಮಾಳಗಿ ಎಲ್ಲಿಗೆ ಬಂತ್ರಿ?" ಎಂದು ನಗುತ್ತಿದ್ದರು. ಒಂದು ದಿನ ಇಂಜಿನಿಯರನ್ನು ಕಂಡು ಒಂದು ಲಕೋಟೆ ಕೊಟ್ಟು, ಕೊಡಬೇಕಾದಲ್ಲಿ ಕೊಡಲು ಹೇಳಿದೆ. ಅತ್ತೆಗೆ ಹೇಳಬೇಡ ಅಂದೆ. ಅವನು ಎಂದಿನಂತೆ ಆಗ್ತದ್ರಿ ಅಂದ. ಹನ್ನೆರಡನೇ ದಿನ ಪರವಾನಗಿ ಬಂತು.

ಅತ್ತೆಯ ಅಂದಿನ ಸಡಗರ ನೀವು ನೋಡಬೇಕಿತ್ತು. ಪೇಡೆ ತಂದಳು. ಮೊದಲ ಪೇಡೆ ಗುಮಾಸ್ತರಿಗೆ ಕೊಟ್ಟು, "ಕಡೀಗೂ ನ್ಯಾಯ ಮಾಡಿದ್ರಿ. ನಿಮ್ಮ ಮಕ್ಕಳು ಮರಿ ತಣ್ಣಗಿರಲಿ" ಎಂದು ಹರಸಿದಳಂತೆ. ಆ ಮನುಷ್ಯ ಪೇಡೆ ಹಿಡಿದುಕೊಂಡು ಮೇಜಿನ ಕೆಳಗೆ ಏನನ್ನೋ ಹುಡುಕುತ್ತಲೇ ಇದ್ದರಂತೆ. ಮೂರಂತಸ್ತಿನ ಯಜಮಾನರನ್ನು ಕೆಳಕ್ಕೆ ಕರೆದು ಕಾಗದ ತೋರಿಸಿ, "ಕೇಳಿದ್ರ ಕೊಡ್ತಾರ, ನೋಡ್ರಿ" ಅಂದಳು. ನನ್ನ ಮನೆಗೆ ಬಂದು ನನ್ನ ಬಾಯಿಗೂ ಒಂದು ಪೇಡೆ ಇಟ್ಟಳು. "ನೀ ಕಾಲೇಜಿನಾಗ ಹೇಳು. ಒಬ್ಬಾಕಿ ಮುದುಕಿ ಕೇಳಿದ್ಲು, ಕೊಟ್ರು ಅಂತ ಹೇಳು."

ಒಂದು ವಾರ ಹೀಗೆ ನಡೆಯಿತು. ಎಂಟನೇ ದಿನ ಇಂಜಿನಿಯರು ಅತ್ತೆಯ ಮನೆಯಲ್ಲಿ ಪಿಲ್ಲರಿಗೆ ಗುಂಡಿ ತೋಡಿಸುತ್ತ, ಮಾತಿಗೆ ಮಾತು ಬಂದು, "ಸರ್ ನೋಡ್ಕೊಂಡ್ರು ಅಂತ ಆತ್ರಿ ಟೀಚರ್. ಇಲ್ಲಾಂದ್ರ ಎಲ್ಲಿ ಆಗ್ತಿತ್ತು?" ಎಂದುಬಿಟ್ಟ. ಅವನ ತಪ್ಪೇನೂ ಇಲ್ಲ. ಅವನ ಪ್ರಕಾರ ಅದು ನನ್ನ ಬಗ್ಗೆ ಆಡಿದ ಒಳ್ಳೆಯ ಮಾತು.

ಅತ್ತೆ ಅವತ್ತೇ ಸಂಜೆ ನನ್ನ ಮನೆಗೆ ಬಂದಳು. ಒಳಗೆ ಬರಲಿಲ್ಲ. ಹೊಸ್ತಿಲ ಆಚೆ ನಿಂತೇ ಕೇಳಿದಳು.

"ಕೊಟ್ಟಿ ಏನು?"

"ಕೊಟ್ಟೆ ಅತ್ತಿ. ನಿನ್ನ ಸಲುವಾಗಿ."

"ಯಾರನ್ನ ಕೇಳಿ ಕೊಟ್ಟಿ?"

ಒಳಗೆ ಬರಲಿ ಎಂದು ನಾನು ಬಾಗಿಲು ಬಿಟ್ಟು ಸರಿದೆ.

"ನನ್ನ ಕೇಳಬೇಕಿತ್ತು" ಅಂದಳು. ಬೈಯಲಿಲ್ಲ. ಬೈದಿದ್ದರೆ ನಾನೂ ಒಂದೆರಡು ಮಾತು ಆಡಿ ಹಗುರಾಗಬಹುದಿತ್ತು.

ಮರುದಿನ ಆಕೆ ಕಚೇರಿಗೆ ಹೋದಳು. ಕೈಯಲ್ಲಿ ಎರಡು ಪುಟದ ಅರ್ಜಿ. ಸದರಿ ಪರವಾನಗಿಯು ನನಗೆ ತಿಳಿಯದಂತೆ ಲಂಚ ಕೊಟ್ಟು ಪಡೆದದ್ದಾಗಿರುವುದರಿಂದ ಅದನ್ನು ರದ್ದುಪಡಿಸಿ, ನನ್ನ ಮೊದಲಿನ ಅರ್ಜಿಯನ್ನು ನಿಯಮದಂತೆ ಪರಿಶೀಲಿಸಬೇಕಾಗಿ ವಿನಂತಿ. ಇದನ್ನು ಓದಿದ ಗುಮಾಸ್ತರ ಮುಖ ನೋಡಲು ನಾನು ಅಲ್ಲಿರಲಿಲ್ಲ. ಅಲ್ಲಿದ್ದ ಇಂಜಿನಿಯರು ಆಮೇಲೆ ಹೇಳಿದ. ಆವಕ ವಿಭಾಗದಲ್ಲಿ ಕಾಗದ ತೆಗೆದುಕೊಂಡು ಮುದ್ರೆ ಒತ್ತುವ ಹುದ್ದೆಯವನು ಮುದ್ರೆಯನ್ನೇ ಜೇಬಿನಲ್ಲಿ ಹಾಕಿಕೊಂಡು ಹೊರಗೆ ಹೋದನಂತೆ. ದೊಡ್ಡವರೊಬ್ಬರು ಒಳಗಿನಿಂದ ಬಂದು ಕುರ್ಚಿ ಹಾಕಿಸಿ, ಆಕೆ ಎರಡು ವರ್ಷದಲ್ಲಿ ಅಲ್ಲಿ ಕೂತ ಮೊದಲ ಕುರ್ಚಿ ಅದು, ಕೈ ಮುಗಿದು ಹೇಳಿದರಂತೆ: "ಅಮ್ಮಾರ, ಕೊಟ್ಟ ಪರವಾನಗಿ ವಾಪಸ್ ಕೊಡೋದಕ್ಕ ಫಾರಂ ಇಲ್ರಿ. ಇವತ್ತಿನ ತನಕ ಯಾರೂ ಕೇಳಿಲ್ಲ."

ಎರಡು ವರ್ಷ ಕೊಡಲಾರದೆ ಒದ್ದಾಡಿದವರು ಈಗ ವಾಪಸು ತೆಗೆದುಕೊಳ್ಳಲಾರದೆ ಒದ್ದಾಡಿದರು. ಅತ್ತೆ ನಾಲ್ಕು ದಿನ ಹೋದಳು. ಐದನೆಯ ದಿನ ಆ ಕಾಗದವನ್ನು ಮನೆಗೆ ತಂದು ಟ್ರಂಕಿನ ತಳಕ್ಕೆ ಹಾಕಿ ಬೀಗ ಜಡಿದಳು. ಪಿಲ್ಲರಿಗೆಂದು ತೋಡಿದ ಗುಂಡಿಗಳನ್ನು ಮುಚ್ಚಿಸಿದಳು. ನನ್ನೊಡನೆ ಮಾತು ಬಿಟ್ಟಳು.

ಎರಡು ತಿಂಗಳು. ಯುಗಾದಿಗೆ ನಾವು ಹೋದರೆ ನನ್ನ ಹೆಂಡತಿ ಮಕ್ಕಳಿಗೆ ಹೋಳಿಗೆ ಬಡಿಸಿದಳು, ನನಗೂ ಬಡಿಸಿದಳು, ತುಪ್ಪ ಸಾಕೇ ಎಂದು ನನ್ನನ್ನು ಬಿಟ್ಟು ಎಲ್ಲರನ್ನೂ ಕೇಳಿದಳು. ಕೇಳುವುದೇ ಉಸಿರಾದವಳು ಒಬ್ಬನನ್ನು ಮಾತ್ರ ಏನೂ ಕೇಳದೆ ಬಿಟ್ಟರೆ ಅದು ಎಂಥ ಶಿಕ್ಷೆ ಎಂಬುದು ಅನುಭವಿಸಿದವನಿಗೇ ಗೊತ್ತು.

ಮೇ ತಿಂಗಳ ಒಂದು ಮಧ್ಯಾಹ್ನ ಆಕೆಯ ಫೋನು ಬಂತು. "ಬಾ" ಅಂದಳು, ಇಟ್ಟಳು. ಓಡಿದೆ. ಅತ್ತೆ ಪಡಸಾಲೆಯ ಕಲ್ಲಿನ ಮೇಲೆ ಕೂತಿದ್ದಳು. ಎದುರಿಗೆ ಖಾಲಿ ತಂಬಿಗೆ.

"ಒಬ್ಬಾಕಿ ಹುಡುಗಿ ಬಂದಿದ್ಲು. ನೀರು ಕೇಳಿದ್ಲು. ದೇವದುರ್ಗದ ಕಡೀಯಾಕಿ. ಇಲ್ಲಿ ದವಾಖಾನ್ಯಾಗ ನರ್ಸ್ ಅಂತ ನೌಕರಿ ಸಿಕ್ಕದ. ಪಾಳಿ ಕೆಲಸ, ಊರಿಂದ ಬಸ್ಸಿಗೆ ಬಂದು ಹೋಗಾಕ ಆಗಂಗಿಲ್ಲ. ಮನಿ ಹುಡುಕಾಕತ್ಯಾಳ. ಈ ಕಡೀಗೆ ಏಳು ಮನಿ ಕೇಳ್ಯಾಳ."

"ಸಿಗಲಿಲ್ಲೇನು?"

"ಒಬ್ಬಾಕಿ ಇರ್ತೀ ಅಂದ್ರ ಬ್ಯಾಡ ಅಂದ್ರು. ರಾತ್ರಿ ಪಾಳಿ ಅಂದ್ರ ಬ್ಯಾಡ ಅಂದ್ರು. ಯಾವ ಮಂದಿ ನೀವು ಅಂತ ಕೇಳಿ, ಹೇಳಿದ ಮ್ಯಾಲೆ, ಮನಿ ನಿನ್ನೇನ ಕೊಟ್ಟೀವಿ ಅಂದ್ರು."

ಅತ್ತೆ ನನ್ನ ಮುಖ ನೋಡಿದಳು.

"ಏಳರಾಗ ಒಂದು ಮನಿ ನಿಂದು."

ಹೌದು. ಆ ತಿಂಗಳು ನನ್ನ ಮಾಳಿಗೆ ಖಾಲಿಯಾಗಿತ್ತು. ಯಾರೋ ಒಬ್ಬ ಹುಡುಗಿ ಬಂದು ಕೇಳಿದ್ದು ನೆನಪಾಯಿತು. ಮುಖ ನೆನಪಾಗಲಿಲ್ಲ, ನಾನು ಪತ್ರಿಕೆ ಓದುತ್ತಿದ್ದೆ. ತಲೆ ಎತ್ತದೆ 'ಫ್ಯಾಮಿಲಿಗೆ ಮಾತ್ರ' ಎಂದಿದ್ದೆ. 'ಯಾವ ಮಂದಿ ಅಂತ ನಾ ಕೇಳಿಲ್ಲ ಅತ್ತಿ' ಎಂದು ಹೇಳಲು ಬಾಯಿ ತೆರೆದೆ. ಅದೂ ಒಂದು ಹೆಚ್ಚುಗಾರಿಕೆಯೇ ಎನಿಸಿ ಮುಚ್ಚಿದೆ.

ಅತ್ತೆ ತಂಬಿಗೆಯನ್ನು ಕೈಗೆತ್ತಿಕೊಂಡಳು. ಆಮೇಲೆ ಹೇಳಿದಳು. ನಾನು ಆವರೆಗೆ ಕೇಳಿರದ ಸಂಗತಿ. ನಮ್ಮಪ್ಪನಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

"ನನಗ ಮೊದಲ ನೌಕರಿ ಗಬ್ಬೂರಾಗ. ಇಪ್ಪತ್ತೆರಡು ವರ್ಷ ನನಗ. ಲಗ್ನ ಇಲ್ಲ, ಗಂಡಸರು ಜೋಡಿಗಿಲ್ಲ. ಒಂದು ಮನಿ ಯಾರೂ ಕೊಡಲಿಲ್ಲ. ಹೆಡ್ಮಾಸ್ತರು, ಸಾಲ್ಯಾಗ ನಕಾಶಿ, ಸೀಮೆಸುಣ್ಣ ಇಡೋ ಖೋಲಿ ಅದ, ಇರು ಅಂದ್ರು. ಬಾಯಿಮಾತಿಲೇ ಅಂದ್ರು, ಬರ್ದು ಕೊಡಲಿಲ್ಲ. ಎರಡು ತಿಂಗಳು ಇದ್ದೆ. ಒಂದು ದಿನ ಮ್ಯಾಲಿನ ಸಾಹೇಬರು ಬಂದ್ರು. ಇಲ್ಲಿ ಇರಾಕ ಯಾರ ಪರವಾನಗಿ ತಗೊಂಡಿ ಅಂತ ಕೇಳಿದ್ರು. ನಾ ಹೆಡ್ಮಾಸ್ತರ ಮಾರಿ ನೋಡಿದೆ. ಅವರು, ನನಗ ಗೊತ್ತಿಲ್ರಿ ಅಂದ್ರು."

ಅತ್ತೆ ತಂಬಿಗೆಯನ್ನು ಕೆಳಗಿಟ್ಟಳು.

"ಪಾಠ ನಡದಿತ್ತು. ನನ್ನ ಟ್ರಂಕು, ಹಾಸಿಗಿ, ಸ್ಟೋ, ಎಲ್ಲಾ ತಂದು ಅಂಗಳಕ್ಕ ಒಗಿಸಿದ್ರು. ಪಾತ್ರಿ ಉರುಳಿ ಉರುಳಿ ಹೋದ್ವು. ನನ್ನ ಎರಡನೇ ಕ್ಲಾಸಿನ ಮಕ್ಕಳು ಎದ್ದು ಬಂದು ಒಂದೊಂದ ಆರಿಸಿ ತಂದು ನನ್ನ ಕಾಲತ್ರ ಇಟ್ವು. ಒಂದು ಕೂಸೂ ನಗಲಿಲ್ಲ. ಅವು ನಕ್ಕಿದ್ರ ನಾ ಆ ನೌಕರಿ ಅವತ್ತೇ ಬಿಡ್ತಿದ್ದೆ."

ನಾನು ಆ ತಂಬಿಗೆಗೆ ನೀರು ತುಂಬಿ ತಂದು ಅತ್ತೆಯ ಮುಂದಿಟ್ಟೆ.

"ಆ ಕಾಗದ ಹೊಲಸಾಗ್ಯದ, ಖರೆ" ಅಂದಳು ಅತ್ತೆ. "ಆದ್ರ ಆ ಹುಡುಗಿ ಏನು ಮಾಡ್ಯಾಳ? ಇಂಜಿನಿಯರ್‌ನ ಕರಿ. ನೀ ಕೊಟ್ಟದ್ದನ್ನ ನಾ ಮರೆಯಂಗಿಲ್ಲ. ಕಟ್ಟೋದು ಮಾತ್ರ ಕಟ್ಟಿಸ್ತೀನಿ."

ಅಷ್ಟೂ ಹೊತ್ತು ನನ್ನ ಮಾಳಿಗೆ ಖಾಲಿಯೇ ಇತ್ತು. ನಾನು ಅಂದೇ ಅದರ ಬೀಗದ ಕೈ ತಂದು ಅತ್ತೆಯ ಮುಂದಿಟ್ಟೆ. ಆ ಹುಡುಗಿಗೆ ಸದ್ಯಕ್ಕೆ ಇದನ್ನು ಕೊಡೋಣ ಎಂದೆ. ಅತ್ತೆ ಹುಡುಗಿಗೆ ಫೋನು ಮಾಡಿಸಿ ಕೇಳಿದಳು. 'ಆ ಮನಿ ಒಲ್ಲೆ' ಎಂದಳಂತೆ. ಯಾಕೆ ಒಪ್ಪಬೇಕು? ಗೆಳತಿಯೊಬ್ಬಳ ಕೋಣೆಯ ಮೂಲೆಯಲ್ಲಿ ಹಾಸಿಗೆ ಹಾಕಿಕೊಂಡು, ಅತ್ತೆಯ ಮಾಳಿಗೆ ಮುಗಿಯುವವರೆಗೆ ಆರು ತಿಂಗಳು ಕಳೆದಳು.

ನಕ್ಷೆಯಲ್ಲಿ ಇದ್ದದ್ದಕ್ಕಿಂತ ಒಂದು ಇಂಚು ಹೆಚ್ಚಾಗದಂತೆ ಅತ್ತೆ ಟೇಪು ಹಿಡಿದು ನಿಂತು ಕಟ್ಟಿಸಿದಳು. ಮೇಸ್ತ್ರಿ, "ಬಾಜೂಕಿನವರಂಗ ಎರಡು ಅಡಿ ಸಜ್ಜಾ ಬಿಡೋಣೇನ್ರಿ?" ಎಂದು ಒಮ್ಮೆ ಕೇಳಿದ. ಮತ್ತೆ ಕೇಳಲಿಲ್ಲ. ನಾನು ದಿನವೂ ಕಾಲೇಜು ಮುಗಿಸಿ ಹೋಗಿ ಗೋಡೆಗಳಿಗೆ ನೀರು ಹಾಕಿದೆ. ಅತ್ತೆ ಬೇಡ ಅನ್ನಲಿಲ್ಲ. ಮೊದಲ ತಿಂಗಳು ನನಗೆ ಚಹಾ ಬರಲಿಲ್ಲ. ಎರಡನೇ ತಿಂಗಳಿನಿಂದ ಬಂತು.

ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಆ ಹುಡುಗಿ ಬಂದಳು. ಪಾಳಿ ಮುಗಿಸಿ ನೇರ ಬಂದಿದ್ದಳು; ಕಣ್ಣು ಕೆಂಪಗಿದ್ದವು. ನಾನು ಅಲ್ಲೇ ಇದ್ದೆ. ನನ್ನನ್ನು ಗುರುತು ಹಿಡಿದಳು. ಹಿಡಿದದ್ದನ್ನು ತೋರಿಸಿಕೊಳ್ಳಲಿಲ್ಲ. ಬಹುಶಃ ಅತ್ತೆಯ ಕಾಗದಪತ್ರದ ಕಟ್ಟುನಿಟ್ಟಿನ ಬಗ್ಗೆ ಓಣಿಯಲ್ಲಿ ಯಾರೋ ಹೇಳಿದ್ದರು. ಹೆಗಲ ಚೀಲದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದಳು. ಆಧಾರ್, ನೇಮಕಾತಿ ಆದೇಶ, ದವಾಖಾನೆಯ ಗುರುತಿನ ಚೀಟಿ, ಜಾತಿ ಪ್ರಮಾಣಪತ್ರ, ಎರಡು ಫೋಟೋ, ಎಲ್ಲದರ ನಕಲನ್ನೂ ಒಪ್ಪವಾಗಿ ಜೋಡಿಸಿ ಅತ್ತೆಯ ಮುಂದೆ ಹಿಡಿದಳು.

"ಎಲ್ಲಾ ತಂದೀನ್ರಿ ಯವ್ವಾ. ಮತ್ತೇನಾರ ಬೇಕಿದ್ರ ನಾಳಿ ತಂದ್ಕೊಡ್ತೀನಿ."

ನಾನು ಅತ್ತೆಯ ಕೈಯನ್ನೇ ನೋಡುತ್ತಿದ್ದೆ. ಕನ್ನಡಕ ಹಾಕಿಕೊಳ್ಳುತ್ತಾಳೆ, ಮೊದಲ ಸಾಲಿನಿಂದ ಓದುತ್ತಾಳೆ, ಎಲ್ಲಿಯೋ ಒಂದು ಅಕ್ಷರಕ್ಕೆ ಕೆಂಪು ಸುತ್ತು ಬೀಳುತ್ತದೆ ಎಂದುಕೊಂಡೆ.

ಅತ್ತೆ ಆ ಕಾಗದಗಳನ್ನು ಮುಟ್ಟಲಿಲ್ಲ. ಹುಡುಗಿಯ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದಳು.

"ಅವ್ನೆಲ್ಲಾ ಒಳಗ ಇಟ್ಕೊ" ಅಂದಳು. "ಉಂಡೀ ಏನು?"